ಜ್ವರ ಬಿಟ್ಟ ಮೇಲೆ: ಕವಾಸಾಕಿ ಕಾಯಿಲೆ ಮತ್ತು ಮುಂದಿನ ಬದುಕು



ದೇವನಹಳ್ಳಿಯ ಈ ದತ್ತಿ ಉಪನ್ಯಾಸ ಮಕ್ಕಳ ಆರೋಗ್ಯದ ಮೇಲೆ ಇರಬೇಕು, ಊರಿನವರಿಗೆ ತಿಳಿಯುವ ಕನ್ನಡದಲ್ಲಿ ಇರಬೇಕು ಎಂದು ದಾನಿಗಳು ಬರೆಸಿದ್ದಾರೆ. ನಾನು ಮಕ್ಕಳ ಹೃದಯ ನೋಡುವ ವೈದ್ಯೆ. ಹುಟ್ಟಿನಿಂದ ಬರುವ ಹೃದಯದ ರಂಧ್ರದ ಬಗ್ಗೆ ಮಾತಾಡಬಹುದಿತ್ತು. ಅದರ ಬಗ್ಗೆ ಈಗ ಹಳ್ಳಿಹಳ್ಳಿಗೂ ತಿಳಿವಳಿಕೆ ಬಂದಿದೆ. ಕವಾಸಾಕಿ ಎಂಬ ಕಾಯಿಲೆಯ ಬಗ್ಗೆ, ಅದರಲ್ಲೂ ‘ವಾಸಿಯಾಯಿತು, ಕರೆದುಕೊಂಡು ಹೋಗಿ’ ಎಂದು ಮನೆಗೆ ಕಳಿಸಿದ ನಂತರದ ವರ್ಷಗಳ ಬಗ್ಗೆ, ಕನ್ನಡದಲ್ಲಿ ಕೂತು ಮಾತಾಡಿದ್ದು ತೀರ ಕಡಿಮೆ. ಇವತ್ತು ಅದನ್ನೇ ಆರಿಸಿಕೊಂಡಿದ್ದೇನೆ.

ಬೈಕಿನಿಂದಾಗಿ ಈ ಹೆಸರು ನಿಮ್ಮಲ್ಲಿ ಹಲವರಿಗೆ ಪರಿಚಿತ. ಆ ಕಂಪನಿಗೂ ಕಾಯಿಲೆಗೂ ಸಂಬಂಧವಿಲ್ಲ. ಇದು ತೊಮಿಸಾಕು ಕವಾಸಾಕಿ ಎಂಬ ಜಪಾನಿನ ಮಕ್ಕಳ ವೈದ್ಯರ ಹೆಸರು. ಟೋಕಿಯೊದ ರೆಡ್ ಕ್ರಾಸ್ ಆಸ್ಪತ್ರೆಯಲ್ಲಿ 1961ರ ಜನವರಿಯಲ್ಲಿ ಅವರು ನಾಲ್ಕು ವರ್ಷದ ಒಬ್ಬ ಹುಡುಗನನ್ನು ನೋಡಿದರು. ಬಿಡದ ಜ್ವರ, ಕೆಂಪು ಕಣ್ಣು, ಒಡೆದ ತುಟಿ, ಮೈಮೇಲೆ ದದ್ದು. ಪುಸ್ತಕದಲ್ಲಿದ್ದ ಯಾವ ಕಾಯಿಲೆಗೂ ಅದು ಹೊಂದಲಿಲ್ಲ. ಹುಡುಗ ಗುಣವಾಗಿ ಮನೆಗೆ ಹೋದ. ಅಂಥದ್ದೇ ಮಕ್ಕಳು ಮತ್ತೆ ಮತ್ತೆ ಬಂದಾಗ ಅವರು ಒಂದೊಂದನ್ನೂ ಬರೆದಿಟ್ಟುಕೊಂಡರು. 1967ರಲ್ಲಿ ಐವತ್ತು ಮಕ್ಕಳ ವಿವರವನ್ನು ಜಪಾನಿ ಭಾಷೆಯಲ್ಲಿ ಪ್ರಕಟಿಸಿದರು. ಇಂಗ್ಲಿಷಿನಲ್ಲಿ ಅದು ಲೋಕಕ್ಕೆ ತಿಳಿದದ್ದು 1974ರಲ್ಲಿ.

ಆ ಮೊದಲ ವರ್ಷಗಳಲ್ಲಿ, ಇದು ತಾನಾಗಿ ಬಂದು ತಾನಾಗಿ ಹೋಗುವ ಕಾಯಿಲೆ, ಹಿಂದೆ ಏನನ್ನೂ ಬಿಟ್ಟು ಹೋಗುವುದಿಲ್ಲ ಎಂದೇ ಎಲ್ಲರೂ ನಂಬಿದ್ದರು. ಆಮೇಲೆ, ಜ್ವರ ಬಿಟ್ಟು ಆಡಿಕೊಂಡಿದ್ದ ಕೆಲವು ಮಕ್ಕಳು ಇದ್ದಕ್ಕಿದ್ದಂತೆ ತೀರಿಕೊಂಡರು. ಶವಪರೀಕ್ಷೆಯಲ್ಲಿ ನೋಡಿದರೆ ಹೃದಯದ ಮಾಂಸಕ್ಕೆ ರಕ್ತ ಒದಗಿಸುವ ಕೊರೊನರಿ ನಾಳಗಳು ಉಬ್ಬಿದ್ದವು, ಉಬ್ಬಿದ ಕಡೆ ರಕ್ತ ಹೆಪ್ಪುಗಟ್ಟಿತ್ತು. 1970ರಿಂದ ಜಪಾನು ದೇಶವ್ಯಾಪಿ ಲೆಕ್ಕ ತೆಗೆಯಲು ತೊಡಗಿತು. ಕವಾಸಾಕಿಯವರು 2020ರ ಜೂನ್‌ನಲ್ಲಿ, 95ನೆಯ ವಯಸ್ಸಿನಲ್ಲಿ ತೀರಿಕೊಂಡರು. ‘ಜ್ವರ ಇಳಿಯಿತು, ಮುಗಿಯಿತು’ ಎಂದು ಜಪಾನಿನ ವೈದ್ಯರು ಅರವತ್ತರ ದಶಕದಲ್ಲಿ ನಂಬಿದ್ದನ್ನೇ ನಮ್ಮ ಮನೆಗಳಲ್ಲಿ ಇವತ್ತಿಗೂ ನಂಬುತ್ತೇವೆ. ನನ್ನ ಮಾತೆಲ್ಲ ಈ ನಂಬಿಕೆಯ ಸುತ್ತಲೇ ಇದೆ.

ಕಾಯಿಲೆ ಹೇಗೆ ಕಾಣುತ್ತದೆ ಎಂದು ಮೊದಲು ಹೇಳಿಬಿಡುತ್ತೇನೆ. ಹೆಚ್ಚಾಗಿ ಐದು ವರ್ಷದೊಳಗಿನ ಮಕ್ಕಳಿಗೆ ಬರುತ್ತದೆ, ಹೆಣ್ಣುಮಕ್ಕಳಿಗಿಂತ ಗಂಡುಮಕ್ಕಳಲ್ಲಿ ತುಸು ಹೆಚ್ಚು. ಜ್ವರ ಐದು ದಿನ ದಾಟಿದರೂ ಇಳಿಯುವುದಿಲ್ಲ. ಪ್ಯಾರಾಸಿಟಮಾಲ್ ಕೊಟ್ಟಾಗ ಸ್ವಲ್ಪ ಇಳಿದು ಮತ್ತೆ ಏರುತ್ತದೆ, ಆಂಟಿಬಯಾಟಿಕ್‌ಗೆ ಜಗ್ಗುವುದಿಲ್ಲ. ಎರಡೂ ಕಣ್ಣು ಕೆಂಪಾಗುತ್ತವೆ, ಆದರೆ ಪಿಸುರು ಬರುವುದಿಲ್ಲ. ತುಟಿ ಕೆಂಪೇರಿ ಬಿರಿಯುತ್ತದೆ, ನಾಲಿಗೆ ಮೇಲೆ ಕೆಂಪು ಗುಳ್ಳೆಗಳೇಳುತ್ತವೆ. ಮೈಮೇಲೆ ದದ್ದು, ಕತ್ತಿನ ಒಂದು ಕಡೆ ಗಡ್ಡೆ, ಅಂಗೈ ಅಂಗಾಲು ಊದಿ ಕೆಂಪಾಗುವುದು. ನಮ್ಮ ದೇಶದಲ್ಲಿ ಹುಟ್ಟಿದ ಕೂಡಲೆ ಎಡತೋಳಿಗೆ ಬಿಸಿಜಿ ಹಾಕುತ್ತೇವಲ್ಲ, ಆ ಹಳೆಯ ಕಲೆ ಸುತ್ತ ಕೆಂಪಾಗಿ ಊದಿಕೊಳ್ಳುವುದೂ ಉಂಟು. ಅಮೆರಿಕದ ವೈದ್ಯರಿಗೆ ಸಿಗದ ಈ ಗುರುತು ನಮಗೆ ಸಿಗುತ್ತದೆ, ಬಟ್ಟೆ ಸರಿಸಿ ನೋಡಬೇಕು ಅಷ್ಟೆ. ಎರಡು ಮೂರು ವಾರ ಕಳೆದ ಮೇಲೆ ಬೆರಳ ತುದಿಯಲ್ಲಿ, ಉಗುರಿನ ಅಂಚಿನಿಂದ ಶುರುವಾಗಿ, ಚರ್ಮ ತೆಳ್ಳಗೆ ಸುಲಿಯುತ್ತದೆ. ಎಷ್ಟೋ ತಾಯಂದಿರು ಮಗುವನ್ನು ನನ್ನ ಬಳಿ ಕರೆತರುವುದು ಆ ಸುಲಿದ ಬೆರಳು ನೋಡಿದ ಮೇಲೆ. ಅಷ್ಟು ಹೊತ್ತಿಗೆ ಜ್ವರವೂ ಬಿಟ್ಟಿರುತ್ತದೆ, ಚಿಕಿತ್ಸೆಯ ಒಳ್ಳೆಯ ಸಮಯವೂ ಕೈಬಿಟ್ಟಿರುತ್ತದೆ. ಇನ್ನು ಆರು ತಿಂಗಳೊಳಗಿನ ಕೂಸುಗಳಲ್ಲಿ ಈ ಲಕ್ಷಣಗಳಲ್ಲಿ ಒಂದೆರಡು ಮಾತ್ರ ಕಾಣಬಹುದು. ಹೃದಯಕ್ಕೆ ಅಪಾಯ ಹೆಚ್ಚಿರುವುದೂ ಅವಕ್ಕೇ.

ಈ ಕಡೆ ಮೈಮೇಲೆ ದದ್ದು ಎದ್ದರೆ ‘ಅಮ್ಮ ಆಗಿದೆ’ ಎನ್ನುತ್ತಾರೆ. ಬಾಗಿಲಿಗೆ ಬೇವಿನ ಸೊಪ್ಪು ಕಟ್ಟುತ್ತಾರೆ, ಒಗ್ಗರಣೆ ನಿಲ್ಲಿಸುತ್ತಾರೆ, ತಳಿಗೆ ಮಾಡಿ ಮೊಸರನ್ನ ಇಡುತ್ತಾರೆ. ಆ ಭಕ್ತಿಯ ಬಗ್ಗೆ ನನ್ನ ತಕರಾರಿಲ್ಲ. ಕಾಯಿಲೆಯ ಮಗುವಿಗೆ ತಂಪು ಊಟ ಕೊಟ್ಟು, ಮನೆಯೊಳಗೆ ಮಲಗಿಸಿ, ಬೇರೆ ಮಕ್ಕಳಿಂದ ದೂರ ಇಡುವ ಪದ್ಧತಿಯಲ್ಲಿ ಒಳ್ಳೆಯದೂ ಇದೆ. ನಾನು ಕೇಳಿಕೊಳ್ಳುವುದು ಇಷ್ಟು: ಬೇವು ಕಟ್ಟಿ, ಜೊತೆಗೆ ಜ್ವರದ ದಿನಗಳನ್ನೂ ಎಣಿಸಿ. ಐದನೆಯ ದಿನವೂ ಮೈ ಸುಡುತ್ತಿದ್ದರೆ ಮಗುವನ್ನು ಎತ್ತಿಕೊಂಡು ಹೊರಡಿ. ‘ಉಷ್ಣಕ್ಕೆ ಕಣ್ಣು ಕೆಂಪಾಗಿದೆ, ನಂಜಿಗೆ ತುಟಿ ಒಡೆದಿದೆ’ ಎಂದು ಬೇರೆ ಬೇರೆ ಕಾರಣ ಹುಡುಕುತ್ತ ಕೂರಬೇಡಿ. ಕಣ್ಣು, ತುಟಿ, ದದ್ದು, ಜ್ವರ ನಾಲ್ಕೂ ಒಂದೇ ಕಾಯಿಲೆಯ ಮುಖಗಳಿರಬಹುದು.

ಹೀಗೆ ದಿನ ಎಣಿಸುವುದಕ್ಕೆ ಕಾರಣವಿದೆ. ಜ್ವರ ಶುರುವಾದ ಹತ್ತು ದಿನದೊಳಗೆ ಇಮ್ಯುನೊಗ್ಲಾಬ್ಯುಲಿನ್ ಎಂಬ ಔಷಧವನ್ನು ರಕ್ತನಾಳದ ಮೂಲಕ, ಹತ್ತು ಹನ್ನೆರಡು ಗಂಟೆ ನಿಧಾನವಾಗಿ, ಮಗುವಿನ ಒಂದು ಕಿಲೋ ತೂಕಕ್ಕೆ 2 ಗ್ರಾಂ ಲೆಕ್ಕದಲ್ಲಿ ಕೊಟ್ಟರೆ ಹೃದಯದ ನಾಳ ಉಬ್ಬುವ ಸಾಧ್ಯತೆ ನೂರಕ್ಕೆ ಸುಮಾರು 25ರಿಂದ ನಾಲ್ಕೈದಕ್ಕೆ ಇಳಿಯುತ್ತದೆ. ಈ ಔಷಧ ನಾಳಗಳನ್ನು ಕಾಪಾಡುತ್ತದೆ ಎಂಬುದನ್ನು 1984ರಲ್ಲಿ ಜಪಾನಿನ ಫುರುಷೊ ಮತ್ತು ಸಂಗಡಿಗರು ಮೊದಲು ತೋರಿಸಿದರು, 1986ರಲ್ಲಿ ಅಮೆರಿಕದ ಜೇನ್ ನ್ಯೂಬರ್ಗರ್ ಮತ್ತು ತಂಡ ಖಚಿತಪಡಿಸಿತು. ದಾನಿಗಳ ರಕ್ತದಿಂದ ತೆಗೆಯುವ ಔಷಧವಾದ್ದರಿಂದ ದುಬಾರಿ. ಹನ್ನೆರಡು ಕಿಲೋ ತೂಗುವ ಮಗುವಿಗೆ 5 ಗ್ರಾಂನ ಬಾಟಲಿಗಳು ಐದು ಬೇಕಾಗುತ್ತವೆ, ಖರ್ಚು ಹತ್ತಾರು ಸಾವಿರ. ನೂರರಲ್ಲಿ ಹತ್ತಿಪ್ಪತ್ತು ಮಕ್ಕಳಿಗೆ ಒಂದು ಸಲ ಕೊಟ್ಟರೆ ಸಾಲುವುದಿಲ್ಲ, ಇನ್ನೊಂದು ಸುತ್ತು ಅಥವಾ ಬೇರೆ ಔಷಧ ಬೇಕಾಗುತ್ತದೆ. ಈ ಕಾಯಿಲೆ ಯಾಕೆ ಬರುತ್ತದೆ ಎಂಬುದು ಇವತ್ತಿಗೂ ಯಾರಿಗೂ ಗೊತ್ತಿಲ್ಲ. ಒಬ್ಬರಿಂದ ಒಬ್ಬರಿಗೆ ಅಂಟುವುದಿಲ್ಲ ಎಂಬುದಂತೂ ಖಚಿತ. ತಾಯಿ ಏನೋ ತಿಂದಿದ್ದರಿಂದ, ಯಾರೋ ಕಣ್ಣು ಹಾಕಿದ್ದರಿಂದ ಬಂತು ಎಂದು ಸೊಸೆಯನ್ನು ದೂರುವ ಮನೆಗಳಿದ್ದರೆ ಅದನ್ನು ಇಲ್ಲಿಗೆ ನಿಲ್ಲಿಸಬೇಕು.

ಇದು ಜಪಾನಿನ ಕಾಯಿಲೆ, ನಮಗೇಕೆ ಎಂದು ಕೇಳುವವರಿಗೆ ಚಂಡೀಗಢದ ಲೆಕ್ಕ ಹೇಳುತ್ತೇನೆ. ಅಲ್ಲಿನ ಪಿಜಿಐ ಆಸ್ಪತ್ರೆಯ ಸುರ್ಜಿತ್ ಸಿಂಗ್ ಮತ್ತು ಸಂಗಡಿಗರು ವರ್ಷಗಟ್ಟಲೆ ಬರೆದಿಟ್ಟ ಅಂಕಿಗಳ ಪ್ರಕಾರ, ಹದಿನೈದು ವರ್ಷದೊಳಗಿನ ಒಂದು ಲಕ್ಷ ಮಕ್ಕಳಲ್ಲಿ 1994ರಲ್ಲಿ 0.51 ಇದ್ದದ್ದು 2007ಕ್ಕೆ 4.54ಕ್ಕೆ ಏರಿತು. ಜಪಾನಿನಲ್ಲಿ ಐದು ವರ್ಷದೊಳಗಿನ ಲಕ್ಷ ಮಕ್ಕಳಿಗೆ ಮುನ್ನೂರಕ್ಕೂ ಹೆಚ್ಚು. ನಮ್ಮಲ್ಲಿ ಕಾಯಿಲೆಯೇ ಹೆಚ್ಚಿತೋ, ಗುರುತಿಸುವ ಕಣ್ಣು ಹೆಚ್ಚಿತೋ? ಎರಡೂ ಇರಬಹುದು. ಗುರುತಿಸುವವರು ಹೆಚ್ಚಾದಷ್ಟೂ ಮಕ್ಕಳು ಸಿಗುತ್ತಾರೆ ಎಂಬುದು ನನ್ನ ಅನುಭವ.

ಈಗ ಹೃದಯಕ್ಕೆ ಬರೋಣ.

ಹೃದಯದ ಸ್ಕ್ಯಾನ್ ಮಾಡುವ ಎಕೋ ಕೋಣೆಯಲ್ಲಿ ಮಗುವನ್ನು ಅಮ್ಮನ ತೊಡೆಯ ಮೇಲೆ ಮಲಗಿಸಿ, ಫೋನಿನಲ್ಲಿ ಹಾಡು ಹಾಕಿ, ಎದೆಯ ಮೇಲೆ ಜೆಲ್ ಸವರಿ ನೋಡುತ್ತೇವೆ. ಪರದೆಯ ಮೇಲೆ ಮಹಾಪಧಮನಿಯ ಬಾಯಿ ಒಂದು ದುಂಡು ಬಳೆಯ ಹಾಗೆ ಕಾಣುತ್ತದೆ. ಆ ಬಳೆಯ ಎಡಕ್ಕೂ ಬಲಕ್ಕೂ ಒಂದೊಂದು ಸಣ್ಣ ಕವಲು. ಅವೇ ಕೊರೊನರಿ ನಾಳಗಳು. ವರ್ಷದ ಮಗುವಿನಲ್ಲಿ ಅವುಗಳ ಅಗಲ ಹೆಚ್ಚೆಂದರೆ ಎರಡು ಮಿಲಿಮೀಟರು ಆಸುಪಾಸು. ಮಗು ಒದ್ದಾಡುತ್ತದೆ, ಅಳುತ್ತದೆ, ಹೃದಯ ನಿಮಿಷಕ್ಕೆ ನೂರನಲವತ್ತು ಸಲ ಬಡಿಯುತ್ತದೆ. ಅದರ ನಡುವೆ ಒಂದು ಚಿತ್ರವನ್ನು ನಿಲ್ಲಿಸಿ, ಆ ಕವಲಿನ ಈ ಅಂಚಿನಿಂದ ಆ ಅಂಚಿಗೆ ಗೆರೆ ಎಳೆದು ಅಳೆಯಬೇಕು. ಎರಡು ಇರಬೇಕಾದ ಕಡೆ ನಾಲ್ಕು ಬಂತೆಂದರೆ ಕೋಣೆಯಲ್ಲಿ ಮಾತು ನಿಲ್ಲುತ್ತದೆ. ನಾಳದ ಇಂಥ ಉಬ್ಬಿಗೆ ಅನ್ಯೂರಿಸಂ ಎಂದು ಹೆಸರು. ಎಂಟು ಮಿಲಿಮೀಟರು ಅಥವಾ ಅದಕ್ಕಿಂತ ಹೆಚ್ಚು ಬಂದರೆ ಅದನ್ನು ದೈತ್ಯ ಅನ್ಯೂರಿಸಂ ಎನ್ನುತ್ತೇವೆ. ಮಗುವಿನ ಎತ್ತರ, ತೂಕಕ್ಕೆ ತಕ್ಕ ಅಳತೆಗಿಂತ ಎಷ್ಟು ಹೆಚ್ಚು ಎಂದು ಲೆಕ್ಕ ಹಾಕುವ ಜೆಡ್ ಸ್ಕೋರ್ ಎಂಬ ಅಂಕಿಯನ್ನೂ ಬರೆಯುತ್ತೇವೆ. ನಿಮ್ಮ ಮಗುವಿನ ರಿಪೋರ್ಟಿನಲ್ಲಿ ಆ ಅಂಕಿ ಇದೆಯೇ ನೋಡಿ. 2.5ಕ್ಕಿಂತ ಕಡಿಮೆಯಿದ್ದರೆ ಅನ್ಯೂರಿಸಂ ಇಲ್ಲ. 2.5ರಿಂದ 5ರೊಳಗೆ ಸಣ್ಣದು, 5ರಿಂದ 10ರೊಳಗೆ ಮಧ್ಯಮ, 10 ಮತ್ತು ಅದರ ಮೇಲೆ ದೈತ್ಯ.

ನಾಳ ಅಗಲವಾದರೆ ರಕ್ತ ಇನ್ನೂ ಸಲೀಸಾಗಿ ಹರಿಯಬೇಕಲ್ಲವೇ ಎಂದು ಒಬ್ಬ ತಂದೆ ನನ್ನನ್ನು ಕೇಳಿದ್ದರು. ಅವರು ರೈತರು, ಅವರಿಗೆ ಉತ್ತರ ಕೊಡುವುದು ಸುಲಭವಾಯಿತು. ಕಾಲುವೆಯಲ್ಲಿ ರಭಸವಾಗಿ ಬಂದ ನೀರು ಕೆರೆ ಸೇರಿದ ಕೂಡಲೆ ನಿಧಾನವಾಗುತ್ತದೆ, ನಿಧಾನವಾದ ಕಡೆ ಹೂಳು ಕೂರುತ್ತದೆ. ಉಬ್ಬಿದ ನಾಳದಲ್ಲೂ ರಕ್ತ ಹಾಗೆ ನಿಂತು ಹೆಪ್ಪುಗಟ್ಟುತ್ತದೆ. ಮುಂದಿನ ವರ್ಷಗಳಲ್ಲಿ ಉಬ್ಬಿನ ಎರಡೂ ತುದಿಗಳಲ್ಲಿ ಗೋಡೆ ದಪ್ಪವಾಗಿ ದಾರಿ ಕಿರಿದಾಗುತ್ತದೆ. ಒಂದು ಹೆಪ್ಪು ಅಲ್ಲಿ ಸಿಕ್ಕಿಕೊಂಡರೆ ಅದೇ ಹೃದಯಾಘಾತ. ಮೂರು ವರ್ಷದ ಮಗುವಿಗೂ ಆಗಬಹುದು, ಮೂವತ್ತು ವರ್ಷದ ಯುವಕನಿಗೂ ಆಗಬಹುದು.

ಎಷ್ಟು ಮಕ್ಕಳಿಗೆ? ಇಲ್ಲಿ ಭಯ ಹುಟ್ಟಿಸುವುದು ನನ್ನ ಉದ್ದೇಶವಲ್ಲ, ಆದ್ದರಿಂದ ಅಂಕಿಗಳನ್ನು ಪೂರ್ತಿಯಾಗಿ ಹೇಳುತ್ತೇನೆ. ಜಪಾನಿನ ಕುರುಮೆ ವಿಶ್ವವಿದ್ಯಾಲಯದ ಕಾತೊ ಮತ್ತು ಸಂಗಡಿಗರು 594 ಮಕ್ಕಳನ್ನು ಹತ್ತರಿಂದ ಇಪ್ಪತ್ತೊಂದು ವರ್ಷಗಳವರೆಗೆ ಬಿಡದೆ ನೋಡಿಕೊಂಡು 1996ರಲ್ಲಿ ಫಲಿತಾಂಶ ಬರೆದರು. ಅವರಲ್ಲಿ 146 ಮಕ್ಕಳಿಗೆ ಅನ್ಯೂರಿಸಂ ಆಗಿತ್ತು. ಆ ಮಕ್ಕಳಲ್ಲಿ ಸುಮಾರು ಅರ್ಧದಷ್ಟು ಮಂದಿಯ ನಾಳ ಒಂದೆರಡು ವರ್ಷದಲ್ಲಿ ತಾನಾಗಿ ಮೊದಲಿನ ಅಗಲಕ್ಕೆ ಮರಳಿತು. ದೈತ್ಯ ಅನ್ಯೂರಿಸಂ ಇದ್ದವರು 26 ಮಕ್ಕಳು, ಅವರಲ್ಲಿ 12 ಮಂದಿಗೆ ಮುಂದೆ ನಾಳ ಕಿರಿದಾಯಿತು. ಒಟ್ಟು 594ರಲ್ಲಿ ಹೃದಯಾಘಾತ ಆದದ್ದು 11 ಮಂದಿಗೆ, ತೀರಿಕೊಂಡವರು ಐವರು. ಬಹುಪಾಲು ಮಕ್ಕಳು ಚೆನ್ನಾಗಿಯೇ ಬೆಳೆದರು. ನಾಳ ಒಮ್ಮೆಯೂ ಉಬ್ಬದ ಮಗು ಆರೋಗ್ಯವಂತ ಮಗು. ಅದಕ್ಕೆ ಆರೇಳು ವಾರ ಸಣ್ಣ ಪ್ರಮಾಣದ ಆಸ್ಪಿರಿನ್, ಒಂದೆರಡು ಎಕೋ, ಅಲ್ಲಿಗೆ ಸಾಕು. ಅದನ್ನು ‘ಹಾರ್ಟ್ ಪೇಷಂಟ್’ ಎಂದು ಕರೆದು ಮೂಲೆಯಲ್ಲಿ ಕೂರಿಸುವುದು ಆ ಮಗುವಿಗೆ ಮಾಡುವ ಅನ್ಯಾಯ.

ನನ್ನ ಚಿಂತೆಯಿರುವುದು ಉಳಿದವರ ಬಗ್ಗೆ, ಅವರಲ್ಲೂ ‘ನಾರ್ಮಲ್ ಆಯಿತು’ ಎಂದು ಹೇಳಿಸಿಕೊಂಡವರ ಬಗ್ಗೆ. ಉಬ್ಬು ಇಳಿಯಿತು ಎಂದರೆ ಒಳಗಿನ ಪದರ ದಪ್ಪವಾಗಿ ಬೆಳೆದು ಜಾಗ ತುಂಬಿತು ಎಂದರ್ಥ. ಪರದೆಯ ಮೇಲೆ ಅಗಲ ಸರಿಯಾಗಿ ಕಾಣುತ್ತದೆ. ಗೋಡೆ ಮಾತ್ರ ಮೊದಲಿನದಲ್ಲ, ಬಿಗಿಯಾಗಿರುತ್ತದೆ, ಬೇಕಾದಾಗ ಹಿಗ್ಗುವುದಿಲ್ಲ. ವರ್ಷಗಳು ಕಳೆದಂತೆ ಅಲ್ಲಿ ಸುಣ್ಣದಂಶ ಕೂರಬಹುದು. ಇಂಥವರು ವರ್ಷಕ್ಕೊಮ್ಮೆಯೋ, ಎರಡು ಮೂರು ವರ್ಷಕ್ಕೊಮ್ಮೆಯೋ, ವೈದ್ಯರು ಹೇಳಿದಂತೆ ಬಂದು ತೋರಿಸಲೇಬೇಕು. ಬರುವುದಿಲ್ಲ. ‘ಚೆನ್ನಾಗಿ ಓಡಾಡ್ಕೊಂಡವನೆ ಮೇಡಂ, ಏನೂ ಇಲ್ಲ’ ಎನ್ನುತ್ತಾರೆ. ಅವರನ್ನು ಬೈಯುವ ಮನಸ್ಸು ನನಗಿಲ್ಲ. ಇಂಥ ಮಕ್ಕಳನ್ನು ತೋರಿಸುವ ಇಂದಿರಾಗಾಂಧಿ ಮಕ್ಕಳ ಆರೋಗ್ಯ ಸಂಸ್ಥೆ, ಜಯದೇವ ಹೃದ್ರೋಗ ಸಂಸ್ಥೆ ಎರಡೂ ಬೆಂಗಳೂರಿನ ದಕ್ಷಿಣಕ್ಕಿವೆ, ದೇವನಹಳ್ಳಿ ಉತ್ತರಕ್ಕಿದೆ. ಚನ್ನರಾಯಪಟ್ಟಣ ಹೋಬಳಿಯ ಒಂದು ಹಳ್ಳಿಯಿಂದ ಹೊರಟವರು ದೇವನಹಳ್ಳಿಗೆ ಬಂದು, ಮೆಜೆಸ್ಟಿಕ್ ಬಸ್ಸು ಹಿಡಿದು, ಅಲ್ಲಿಂದ ಇನ್ನೊಂದು ಬಸ್ಸು ಹತ್ತಿ, ಸಾಲಿನಲ್ಲಿ ನಿಂತು ತೋರಿಸಿ ಮನೆ ಸೇರುವ ಹೊತ್ತಿಗೆ ಕತ್ತಲಾಗಿರುತ್ತದೆ. ಇಬ್ಬರ ಕೂಲಿ ಹೋಗುತ್ತದೆ. ರೇಷ್ಮೆ ಹುಳು ನಾಲ್ಕನೆಯ ಜ್ವರ ಎದ್ದು ಸೊಪ್ಪು ಮೇಯುವ ದಿನಗಳಾದರೆ ಮನೆ ಬಿಟ್ಟು ಬರುವುದೇ ಆಗುವುದಿಲ್ಲ. ಆದ್ದರಿಂದ ದಿನಾಂಕ ಕೊಡುವ ವೈದ್ಯರು ಮನೆಯವರ ಬೆಳೆ, ಹುಳುವಿನ ಹಂತ ಕೇಳಿ ದಿನ ಕೊಡಬೇಕು. ತೂಕ, ರಕ್ತದೊತ್ತಡ, ಇಸಿಜಿ, ರಕ್ತಪರೀಕ್ಷೆಗಳನ್ನು ಈ ಊರಿನಲ್ಲೇ ಮಾಡಿಸಿ, ಎಕೋಗೆ ಮಾತ್ರ ನಗರಕ್ಕೆ ಕರೆಸಬೇಕು. ಇದನ್ನು ನನ್ನ ಸಹೋದ್ಯೋಗಿಗಳಿಗೆ ಯಾವಾಗಲೂ ಹೇಳುತ್ತೇನೆ.

ಮನೆಯಲ್ಲಿ ಔಷಧ ಕೊಡುವವರಿಗೆ ಕೆಲವು ಮಾತು. ಸಣ್ಣ ಪ್ರಮಾಣದ ಆಸ್ಪಿರಿನ್, ನೀವು ಇಕೋಸ್ಪ್ರಿನ್ ಎನ್ನುತ್ತೀರಲ್ಲ ಅದು, ರಕ್ತ ಹೆಪ್ಪುಗಟ್ಟದಂತೆ ತಡೆಯುತ್ತದೆ. ಜ್ವರ, ಮೈಕೈ ನೋವಿಗೆ ಅಂಗಡಿಯಲ್ಲಿ ಐಬುಪ್ರೊಫೆನ್ ಸಿರಪ್ ಕೊಡುತ್ತಾರೆ. ಅದು ಆಸ್ಪಿರಿನ್ನಿನ ಕೆಲಸವನ್ನು ಕೆಡಿಸುತ್ತದೆ, ಈ ಮಕ್ಕಳಿಗೆ ಬೇಡ. ಆಸ್ಪಿರಿನ್ ಮೇಲಿರುವ ಮಗುವಿಗೆ ಸೀತಾಳೆ ಸಿಡುಬು ಅಥವಾ ಫ್ಲೂ ಬಂದರೆ, ಅಪರೂಪಕ್ಕೆ, ಮಿದುಳಿಗೂ ಯಕೃತ್ತಿಗೂ ಪೆಟ್ಟಾಗುವ ರೈ ಸಿಂಡ್ರೋಮ್ ಬರಬಹುದು. ಪಕ್ಕದ ಮನೆಯ ಮಗುವಿಗೆ ಸಿಡುಬು ಎದ್ದಿದ್ದರೂ ವೈದ್ಯರಿಗೆ ಫೋನು ಮಾಡಿ, ಫ್ಲೂ ಲಸಿಕೆ ವರ್ಷಕ್ಕೊಮ್ಮೆ ಹಾಕಿಸಿ. ಆಶಾ ಅಕ್ಕಂದಿರು ಇದನ್ನು ಬರೆದುಕೊಳ್ಳಿ: ಇಮ್ಯುನೊಗ್ಲಾಬ್ಯುಲಿನ್ ಕೊಟ್ಟ ಮಗುವಿಗೆ ದಡಾರ–ರುಬೆಲ್ಲಾ ಲಸಿಕೆಯನ್ನು ಹನ್ನೊಂದು ತಿಂಗಳು ಮುಂದೂಡಬೇಕು, ಮುಂಚೆ ಹಾಕಿದರೆ ಹಿಡಿಯುವುದಿಲ್ಲ. ಮುಂದೂಡಿದ್ದನ್ನು ಮರೆಯಬಾರದು. ಉಳಿದ ಮಾಮೂಲಿ ಲಸಿಕೆಗಳನ್ನು ನಿಲ್ಲಿಸಬೇಕಿಲ್ಲ.

ದೈತ್ಯ ಅನ್ಯೂರಿಸಂ ಇರುವವರಿಗೆ ಆಸ್ಪಿರಿನ್ ಜೊತೆ ವಾರ್ಫರಿನ್ ಮಾತ್ರೆಯೂ ಬೇಕಾಗುತ್ತದೆ. ಅದು ಎಷ್ಟು ಕೆಲಸ ಮಾಡುತ್ತಿದೆ ಎಂದು ಐಎನ್‌ಆರ್ ಎಂಬ ರಕ್ತಪರೀಕ್ಷೆಯಿಂದ ನೋಡುತ್ತೇವೆ, ಸಾಮಾನ್ಯವಾಗಿ 2ರಿಂದ 3ರೊಳಗೆ ಇರಬೇಕು. ಕಡಿಮೆಯಾದರೆ ಹೆಪ್ಪು, ಹೆಚ್ಚಾದರೆ ರಕ್ತಸ್ರಾವ. ಈ ಮಾತ್ರೆಯ ಕೆಲಸಕ್ಕೆ ಎದುರಾಗಿ ನಿಲ್ಲುವುದು ವಿಟಮಿನ್ ಕೆ, ಅದು ತುಂಬಿರುವುದು ಸೊಪ್ಪಿನಲ್ಲಿ. ನಮ್ಮ ಊಟದಲ್ಲಿ ಸೊಪ್ಪಿಲ್ಲದ ದಿನವೇ ಇಲ್ಲ. ಬಸ್ಸಾರು, ಉಪ್ಸಾರು, ಮಸ್ಸೊಪ್ಪು, ಮಳೆ ಬಿದ್ದ ಮೇಲೆ ಹೊಲದ ಬದುವಿನ ಬೆರಕೆ ಸೊಪ್ಪು, ನುಗ್ಗೆ ಸೊಪ್ಪು. ‘ಸೊಪ್ಪು ತಿನ್ನಬೇಡಿ’ ಎಂದು ಒಂದೇ ಮಾತಿನಲ್ಲಿ ಹೇಳಿ ಕಳಿಸುವವರಿದ್ದಾರೆ. ಅದು ತಪ್ಪು ಸಲಹೆ. ಮುದ್ದೆ ಸೊಪ್ಪಿನ ಸಾರಿನ ಮನೆಯಲ್ಲಿ ಒಂದು ಮಗುವಿಗೆ ಮಾತ್ರ ಬೇರೆ ಅಡುಗೆ ಎಷ್ಟು ದಿನ ನಡೆದೀತು? ಸೊಪ್ಪು ತಿನ್ನಲಿ, ವಾರದಿಂದ ವಾರಕ್ಕೆ ಹೆಚ್ಚುಕಡಿಮೆ ಅಷ್ಟೇ ತಿನ್ನಲಿ. ಆ ಊಟಕ್ಕೆ ತಕ್ಕಂತೆ ಮಾತ್ರೆಯ ಪ್ರಮಾಣ ಹೊಂದಿಸುವುದು ನಮ್ಮ ಕೆಲಸ. ಆಷಾಢದಲ್ಲಿ ಬೆರಕೆ ಸೊಪ್ಪು ದಂಡಿಯಾಗಿ ಸಿಗುವಾಗ, ಇಲ್ಲವೆ ನೆಂಟರ ಮನೆಯಲ್ಲಿ ಹದಿನೈದು ದಿನ ಉಳಿದು ಬಂದಾಗ ಒಂದು ಐಎನ್‌ಆರ್ ಹೆಚ್ಚಿಗೆ ಮಾಡಿಸಿ.

ದೇವನಹಳ್ಳಿಯಲ್ಲಿ ನಿಂತು ಚಕ್ಕೋತದ ಮಾತು ಆಡದೆ ಹೋಗಲಾರೆ. ವಿಮಾನ ನಿಲ್ದಾಣ ಬಂದ ಮೇಲೆ ತೋಟಗಳು ಕಡಿಮೆಯಾದರೂ ಜಿಐ ಮಾನ್ಯತೆ ಪಡೆದ ಈ ಹಣ್ಣು ಇನ್ನೂ ನಿಮ್ಮ ಹಿತ್ತಲುಗಳಲ್ಲಿದೆ. ಗ್ರೇಪ್‌ಫ್ರೂಟ್ ಎಂಬ ವಿದೇಶಿ ಹಣ್ಣು ಹುಟ್ಟಿದ್ದೇ ಚಕ್ಕೋತ ಮತ್ತು ಕಿತ್ತಳೆಯ ಬೆರಕೆಯಿಂದ. ಕೆಲವು ಔಷಧಗಳನ್ನು ಕರುಳಿನಲ್ಲೇ ಒಡೆದು ಹಾಕುವ ಒಂದು ಕಿಣ್ವ ನಮ್ಮಲ್ಲಿದೆ. ಈ ಹಣ್ಣುಗಳಲ್ಲಿರುವ ಫ್ಯೂರನೊಕೂಮರಿನ್ ಎಂಬ ಅಂಶ ಆ ಕಿಣ್ವವನ್ನು ಕಟ್ಟಿಹಾಕುತ್ತದೆ. ಆಗ ಔಷಧ ಒಡೆಯದೆ ರಕ್ತದಲ್ಲಿ ಹೆಚ್ಚಾಗಿ ಸೇರುತ್ತದೆ. ಕವಾಸಾಕಿಯಿಂದ ಉಬ್ಬು ಉಳಿದ ದೊಡ್ಡ ಮಕ್ಕಳಿಗೆ ಕೆಲವೊಮ್ಮೆ ಅಟೋರ್ವಾಸ್ಟಾಟಿನ್ ಕೊಡುತ್ತೇವೆ. ಅದು ಇಂಥ ಔಷಧಗಳಲ್ಲಿ ಒಂದು. ಆ ಮಾತ್ರೆ ತೆಗೆದುಕೊಳ್ಳುವವರು ಚಕ್ಕೋತ ತಿನ್ನುವ ಮೊದಲು ವೈದ್ಯರನ್ನು ಕೇಳಬೇಕು. ವಾರ್ಫರಿನ್ ಮೇಲಿರುವವರೂ ಕೇಳಲಿ. ಬರೀ ಇಕೋಸ್ಪ್ರಿನ್ ತೆಗೆದುಕೊಳ್ಳುವ ಮಗು ನಿಮ್ಮೂರಿನ ಹಣ್ಣನ್ನು ಧಾರಾಳವಾಗಿ ತಿನ್ನಲಿ.

ಮೇಷ್ಟ್ರುಗಳು ಆಟದ ಬಗ್ಗೆ ಕೇಳುತ್ತಾರೆ. ಉಬ್ಬಿಲ್ಲದ ಮಗು ಎಲ್ಲ ಆಟವನ್ನೂ ಆಡಲಿ. ಎರಡೆರಡು ಬಗೆಯ ಹೆಪ್ಪುತಡೆ ಮಾತ್ರೆ ತೆಗೆದುಕೊಳ್ಳುವವರಿಗೆ ಕಬಡ್ಡಿ ಬೇಡ, ಏಕೆಂದರೆ ಬಿದ್ದು ತಲೆಗೆ ಪೆಟ್ಟಾದರೆ ರಕ್ತ ನಿಲ್ಲುವುದು ಕಷ್ಟ. ಓಟ, ಈಜು, ಸೈಕಲ್ಲಿನಲ್ಲಿ ಎಷ್ಟರಮಟ್ಟಿಗೆ ಎಂಬುದನ್ನು ಟ್ರೆಡ್‌ಮಿಲ್ ಪರೀಕ್ಷೆ ಮಾಡಿ ಹೇಳುತ್ತೇವೆ. ಆಟದಿಂದ ಪೂರ್ತಿ ದೂರ ಇಟ್ಟ ಮಗು ದಪ್ಪವಾಗುತ್ತದೆ. ದಪ್ಪ, ಸಕ್ಕರೆ ಕಾಯಿಲೆ, ಬಿಪಿ, ಬೀಡಿ ಸಿಗರೇಟು ಇವೆಲ್ಲ ಬೇರೆಯವರ ಹೃದಯಕ್ಕೆ ಮಾಡುವ ಕೆಡುಕನ್ನು ಈ ಮಕ್ಕಳ ಹೃದಯಕ್ಕೆ ಇನ್ನೂ ಬೇಗ ಮಾಡುತ್ತವೆ. ಹದಿನೈದು ದಾಟಿದ ಹುಡುಗರ ಕೈಯಿಂದ ಗುಟ್ಕಾ ಪೊಟ್ಟಣ ಕಿತ್ತುಕೊಳ್ಳುವುದೂ ಹೃದಯದ ಚಿಕಿತ್ಸೆಯೇ.

ಇನ್ನೊಂದು ವಿಷಯವನ್ನು ಎಲ್ಲರೂ ಮನಸ್ಸಿನಲ್ಲಿಡಬೇಕು. ಸಣ್ಣ ಮಗುವಿಗೆ ಹೃದಯಾಘಾತವಾದರೆ ಅದು ಎದೆ ಹಿಡಿದುಕೊಂಡು ‘ನೋವು’ ಎನ್ನುವುದಿಲ್ಲ. ವಾಂತಿ ಮಾಡುತ್ತದೆ, ಬಿಳಿಚಿಕೊಳ್ಳುತ್ತದೆ, ಸಮಾಧಾನವೇ ಆಗದಂತೆ ಅಳುತ್ತದೆ, ಹೊಟ್ಟೆನೋವು ಎನ್ನುತ್ತದೆ. ಆಡುವಾಗಲೇ ಆಗಬೇಕೆಂದಿಲ್ಲ, ನಿದ್ದೆಯಲ್ಲೂ ಆಗಬಹುದು. ಕಾಯಿಲೆ ಬಂದ ಮೊದಲ ವರ್ಷದಲ್ಲಿ ಅಪಾಯ ಹೆಚ್ಚು. ದೊಡ್ಡ ಉಬ್ಬಿರುವ ಮಗು ಹೀಗೆ ಮಾಡಿದರೆ ಅಜೀರ್ಣ ಎಂದು ಕಾಯಬೇಡಿ, 108ಕ್ಕೆ ಫೋನು ಮಾಡಿ, ಫೈಲು ಕೈಯಲ್ಲಿ ಹಿಡಿದು ಹೊರಡಿ. ನಾಳ ಕಿರಿದಾಗಿ ಔಷಧಕ್ಕೆ ಮೀರಿದವರಿಗೆ ಬೈಪಾಸ್ ಇದೆ. ಎದೆಯ ಒಳಗೋಡೆಯ ಅಪಧಮನಿಯನ್ನು ಬಳಸಿ ಮಾಡಿದ ಬೈಪಾಸ್ ಮಗುವಿನ ಜೊತೆ ತಾನೂ ಬೆಳೆಯುತ್ತದೆ ಎಂದು ಜಪಾನಿನ ಸೊಯಿಚಿರೊ ಕಿತಾಮುರ ತೋರಿಸಿಕೊಟ್ಟಿದ್ದಾರೆ.

ಈಗ ಆ ಮಕ್ಕಳು ದೊಡ್ಡವರಾದಾಗ ಏನಾಗುತ್ತದೆ ನೋಡೋಣ. ಅಮೆರಿಕದ ಸ್ಯಾನ್ ಡಿಯಾಗೊದಲ್ಲಿ, ಹೃದಯಾಘಾತದ ಅನುಮಾನದಿಂದ ಆಂಜಿಯೋಗ್ರಾಂ ಮಾಡಿಸಿಕೊಂಡ ನಲವತ್ತು ವರ್ಷದೊಳಗಿನವರ ಚಿತ್ರಗಳನ್ನು ಮತ್ತೆ ತೆಗೆದು ನೋಡಿದರು. 2012ರಲ್ಲಿ ಬಂದ ಆ ವರದಿಯ ಪ್ರಕಾರ ನೂರಕ್ಕೆ ಸುಮಾರು ಐವರಲ್ಲಿ ಕಂಡ ಉಬ್ಬುಗಳು ಬಾಲ್ಯದ ಕವಾಸಾಕಿಗೆ ಹೊಂದುವಂಥವು. ನಮ್ಮ ಜಯದೇವ ಸಂಸ್ಥೆಯೂ ನಲವತ್ತರೊಳಗೆ ಹೃದಯಾಘಾತವಾದವರ ನೋಂದಣಿಯನ್ನು 2017ರಿಂದ ನಡೆಸುತ್ತಿದೆ. 2025ರ ಜುಲೈನಲ್ಲಿ ಹಾಸನದಲ್ಲಿ ಹೃದಯಾಘಾತದ ಸಾವುಗಳ ಸುದ್ದಿ ಹಬ್ಬಿದಾಗ ಬೆಂಗಳೂರು, ಮೈಸೂರಿನ ಜಯದೇವದ ಮುಂದೆ ಬೆಳಗಿನ ಜಾವದಿಂದಲೇ ಜನ ಸಾಲು ನಿಂತದ್ದು ನಿಮಗೆ ನೆನಪಿರಬೇಕು. ಎಳೆಯರ ಎದೆನೋವಿಗೆ ಬೀಡಿ, ಸಕ್ಕರೆ, ಕೊಬ್ಬು, ಮನೆತನ ಎಂದು ಕಾರಣ ಹಲವು. ಆ ಪ್ರಶ್ನೆಗಳ ಜೊತೆ ವೈದ್ಯರು ಇನ್ನೊಂದನ್ನೂ ಕೇಳಬೇಕು: ‘ಸಣ್ಣವರಿದ್ದಾಗ ಬಹಳ ದಿನ ಜ್ವರ ಬಂದು, ಕಣ್ಣು ಕೆಂಪಾಗಿ, ಬೆರಳ ಚರ್ಮ ಸುಲಿದಿತ್ತೇ?’ ಉತ್ತರ ಗೊತ್ತಿರುವುದು ತಾಯಿಗೆ. ಮೂವತ್ತೈದರ ಮಗ ತುರ್ತು ವಿಭಾಗದಲ್ಲಿ ಮಲಗಿರುವಾಗ ಊರಿನಲ್ಲಿರುವ ತಾಯಿಗೆ ಫೋನು ಮಾಡಿ ಈ ಪ್ರಶ್ನೆ ಕೇಳುವ ವೈದ್ಯರು ಬೇಕು.

ತಾಯಿಯ ನೆನಪನ್ನೇ ನೆಚ್ಚಿಕೊಂಡು ಎಷ್ಟು ದಿನ? ಫೈಲು ಉಳಿಯಬೇಕು. ಡಿಸ್ಚಾರ್ಜ್ ಸಮ್ಮರಿ ಇಂಗ್ಲಿಷಿನಲ್ಲಿರುತ್ತದೆ, ಮನೆಯವರಿಗೆ ಓದಲಾಗುವುದಿಲ್ಲ. ಮನೆ ಬಣ್ಣ ಹೊಡೆಸುವಾಗ ಹಳೆ ಪೇಪರಿನ ಜೊತೆ ಅದೂ ಹೋಗುತ್ತದೆ. ಎಕೋ ಚಿತ್ರದ ಶಾಖಕಾಗದ ಎರಡು ವರ್ಷಕ್ಕೆ ಮಾಸುತ್ತದೆ. ಮಗು ಹದಿನೆಂಟಾದಾಗ ಮಕ್ಕಳ ವಿಭಾಗ ‘ಇನ್ನು ದೊಡ್ಡವರ 
ವಿಭಾಗಕ್ಕೆ ಹೋಗಿ’ ಎನ್ನುತ್ತದೆ, ಅಲ್ಲಿ ಹೊಸ ಚೀಟಿ, ಹೊಸ ನಂಬರು. ಮಧ್ಯಮ ಗಾತ್ರದ ಉಬ್ಬಿದ್ದ ಒಬ್ಬ ಹುಡುಗನನ್ನು ಒಂದು ಆಸ್ಪತ್ರೆಯಲ್ಲಿ ‘ಈ ವಯಸ್ಸಿಗೆ ಹಾರ್ಟ್ ಪ್ರಾಬ್ಲಂ ಇರಲ್ಲ, ಗ್ಯಾಸ್ಟ್ರಿಕ್’ ಎಂದು ವಾಪಸು ಕಳಿಸಿದ್ದರು. ಅವನ ಹಳೆಯ ಕಾಗದ ಒಂದಾದರೂ ಕೈಯಲ್ಲಿದ್ದಿದ್ದರೆ ಹಾಗೆ ಹೇಳುತ್ತಿರಲಿಲ್ಲ. ಅದೃಷ್ಟಕ್ಕೆ ಅವನ ಅಕ್ಕ ನರ್ಸಿಂಗ್ ಓದುತ್ತಿದ್ದಳು, ಎರಡೇ ದಿನದಲ್ಲಿ ಕರೆತಂದಳು.

ಜಪಾನಿನಲ್ಲಿ ಈ ಕಾಯಿಲೆಯಿಂದ ಗುಣವಾದ ಮಗುವಿಗೆ ಒಂದು ಕಾರ್ಡು ಕೊಡುತ್ತಾರೆ. ಯಾವ ದಿನ ಜ್ವರ, ಯಾವ ಔಷಧ, ಎಕೋದಲ್ಲಿ ಏನು ಕಂಡಿತು ಎಂಬುದೆಲ್ಲ ಅದರಲ್ಲಿರುತ್ತದೆ. ಮಗು ದೊಡ್ಡದಾಗಿ ಊರು ಬಿಟ್ಟರೂ ಕಾರ್ಡು ಜೊತೆಗೆ ಹೋಗುತ್ತದೆ. ನಮ್ಮಲ್ಲಿ 2013ರಿಂದ ರಾಷ್ಟ್ರೀಯ ಬಾಲ ಸ್ವಾಸ್ಥ್ಯ ಕಾರ್ಯಕ್ರಮದ ತಂಡ ಅಂಗನವಾಡಿ, ಶಾಲೆಗಳಿಗೆ ಬಂದು ಮಕ್ಕಳನ್ನು ತಪಾಸಣೆ ಮಾಡುತ್ತದೆ. ಅವರ ಮೂವತ್ತು ತೊಂದರೆಗಳ ಪಟ್ಟಿಯಲ್ಲಿ ಹುಟ್ಟು ಹೃದ್ರೋಗವೂ ಇದೆ, ಕೀಲುವಾತದ ಜ್ವರದಿಂದ ಬರುವ ಹೃದ್ರೋಗವೂ ಇದೆ, ಕವಾಸಾಕಿ ಇಲ್ಲ. ಸೇರಿಸಬೇಕೆಂಬುದು ನನ್ನ ಒತ್ತಾಯ. ಸರ್ಕಾರ ಸೇರಿಸುವವರೆಗೆ ನೀವೇ ಒಂದು ರಟ್ಟಿನ ಮೇಲೆ ಕನ್ನಡದಲ್ಲಿ ಬರೆದಿಡಿ: ಕಾಯಿಲೆಯ ಹೆಸರು, ಬಂದ ವರ್ಷ, ಎಷ್ಟನೆಯ ದಿನ ಔಷಧ ಕೊಟ್ಟರು, ನಾಳ ಅತಿ ಹೆಚ್ಚು ಅಗಲವಾದದ್ದು ಎಷ್ಟು ಮಿಲಿಮೀಟರು, ಕೊನೆಯ ಎಕೋದಲ್ಲಿ ಎಷ್ಟು, ಈಗಿನ ಮಾತ್ರೆ ಯಾವುದು. ಅದರ ಫೋಟೊ ತೆಗೆದು ಅಪ್ಪ, ಅಮ್ಮ, ಸೋದರಮಾವ ಮೂವರ ಫೋನಿನಲ್ಲೂ ಇಟ್ಟುಕೊಳ್ಳಿ. ಕೋವಿಡ್ ಆದ ಕೆಲವು ವಾರಗಳ ಮೇಲೆ ಇದನ್ನೇ ಹೋಲುವ ಉರಿಯೂತ ಬಂದು ಆಸ್ಪತ್ರೆ ಸೇರಿದ್ದ ಮಕ್ಕಳೂ ನಮ್ಮ ರಾಜ್ಯದಲ್ಲಿದ್ದಾರೆ. ಅದು ಬೇರೆ ಕಾಯಿಲೆ, ಆದರೆ ಹೃದಯದ ಕಾಗದ ಅವರಿಗೂ ಬೇಕು.

ಕೊನೆಯದಾಗಿ, ಹೆಣ್ಣುಮಕ್ಕಳ ವಿಷಯ. ಮಗಳಿಗೆ ಹತ್ತೊಂಬತ್ತು ಇಪ್ಪತ್ತಾಗುತ್ತಿದ್ದಂತೆ ಕೆಲವು ತಾಯಂದಿರು ಬಾಗಿಲು ಹಾಕಿಕೊಂಡು ನನ್ನ ಹತ್ತಿರ ಕೇಳುತ್ತಾರೆ, ‘ಗಂಡಿನ ಕಡೆಯವರಿಗೆ ಹೇಳಬೇಕಾ ಮೇಡಂ?’ ಆ ಪ್ರಶ್ನೆಯ ಹಿಂದಿನ ಸಂಕಟ ನನಗೆ ಅರ್ಥವಾಗುತ್ತದೆ. ನಾಳ ಉಬ್ಬದಿದ್ದ ಹುಡುಗಿಗೆ ಮದುವೆ, ಬಸಿರು, ಬಾಣಂತನ ಎಲ್ಲವೂ ಬೇರೆಯವರ ಹಾಗೆಯೇ. ಉಬ್ಬು ಉಳಿದಿರುವವರೂ ತಾಯಿಯಾಗಬಹುದು, ಬಹಳಷ್ಟು ಮಂದಿಗೆ ಸಹಜ ಹೆರಿಗೆಯೂ ಆಗುತ್ತದೆ. ಆದರೆ ಬಸಿರಾಗುವ ಮೊದಲೇ ಹೃದಯದ ವೈದ್ಯರು, ಹೆರಿಗೆಯ ವೈದ್ಯರು ಇಬ್ಬರೂ ಕೂತು ಯೋಚಿಸಬೇಕು. ವಾರ್ಫರಿನ್ ಮೊದಲ ತಿಂಗಳುಗಳಲ್ಲಿ ಹೊಟ್ಟೆಯಲ್ಲಿರುವ ಕೂಸಿಗೆ ಕೆಡುಕು ಮಾಡಬಹುದು, ಅದರ ಬದಲು ಹೆಪಾರಿನ್ ಇಂಜೆಕ್ಷನ್ ಕೊಡಬೇಕಾಗುತ್ತದೆ. ಈಸ್ಟ್ರೊಜೆನ್ ಇರುವ ಗರ್ಭನಿರೋಧಕ ಮಾತ್ರೆ ರಕ್ತ ಹೆಪ್ಪುಗಟ್ಟುವುದನ್ನು ಹೆಚ್ಚಿಸುತ್ತದೆ, ಇವರಿಗೆ ಬೇರೆ ವಿಧಾನ ಬೇಕು. ಮುಚ್ಚಿಟ್ಟು ಮದುವೆ ಮಾಡಿದ ಮನೆಯಲ್ಲಿ ಹುಡುಗಿ ಮಾತ್ರೆ ನುಂಗುವುದನ್ನೂ ಮುಚ್ಚಿಡಬೇಕಾಗುತ್ತದೆ, ಆಮೇಲೆ ನಿಲ್ಲಿಸಿಬಿಡುತ್ತಾಳೆ. ಅದಕ್ಕೇ ಹೇಳುತ್ತೇನೆ, ಹೇಳಿ. ಬೇಕಾದರೆ ಹುಡುಗನನ್ನೂ ಅವನ ತಾಯಿಯನ್ನೂ ಕರೆದುಕೊಂಡು ಬನ್ನಿ, ನಾನು ಅವರ ಮುಂದೆ ಎಕೋ ಚಿತ್ರ ಇಟ್ಟು ವಿವರಿಸುತ್ತೇನೆ. ಹಾಗೆ ಬಂದು ಕೇಳಿಸಿಕೊಂಡು, ‘ಇಷ್ಟೇನಾ?’ ಎಂದು ಎದ್ದು ಹೋದ ಅತ್ತೆಯರನ್ನು ನಾನು ಕಂಡಿದ್ದೇನೆ. ಅಂಥ ಸೊಸೆ ಬಸಿರಾಗಿ ತಾಯಿ ಕಾರ್ಡ್ ಮಾಡಿಸಲು ಬಂದ ದಿನ, ಆಶಾ ಅಕ್ಕಂದಿರೇ, ಬಿಪಿ ಬರೆಯುವ ಪುಟದ ಮೇಲ್ಭಾಗದಲ್ಲಿ ದೊಡ್ಡ ಅಕ್ಷರದಲ್ಲಿ ‘ಬಾಲ್ಯದಲ್ಲಿ ಕವಾಸಾಕಿ’ ಎಂದು ಬರೆಯಿರಿ, ಅದರ ಕೆಳಗೆ ಅವಳ ಹೃದಯ ನೋಡುವ ವೈದ್ಯರ ಫೋನ್ ನಂಬರನ್ನೂ ಬರೆಯಿರಿ.